ನೋವಿಲ್ಲದ ಕಾಮಾಲೆ, ಆರು ತಾಸಿನ ಆಪರೇಷನ್

ಕಣ್ಣು ಹಳದಿಯಾಯಿತೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಸೊಪ್ಪಿನ ಮದ್ದು. ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ‘ಕಾಮಾಲೆಗೆ ಅಲ್ಲಿ ಕೊಡ್ತಾರೆ, ಮೂರೇ ದಿನಕ್ಕೆ ಇಳಿಯುತ್ತೆ’ ಎಂದು ತೋರಿಸಲು ಒಂದು ಊರು, ಒಂದು ಮನೆ ಇದ್ದೇ ಇರುತ್ತದೆ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸುವವರಿದ್ದಾರೆ, ಮೂಗಿಗೆ ರಸ ಹಿಂಡುವವರಿದ್ದಾರೆ, ತೋಳಿಗೆ ಬರೆ ಹಾಕುವವರೂ ಇದ್ದಾರೆ. ಉಪ್ಪು, ಎಣ್ಣೆ, ಖಾರ ಬಿಟ್ಟ ಪಥ್ಯ ಶುರುವಾಗುತ್ತದೆ. ಬಹಳ ಸಲ ಕಾಮಾಲೆ ಇಳಿಯುತ್ತದೆ ಕೂಡ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುವಂಥದ್ದು. ಅದರ ಹೆಸರೆಲ್ಲ ಮದ್ದಿಗೆ ಹೋಗುತ್ತದೆ. ಮದ್ದು ಕೊಟ್ಟವರ ನಂಬಿಕೆಯೂ ಪ್ರಾಮಾಣಿಕವೇ.

ತೊಂದರೆ ಇರುವುದು ಇನ್ನೊಂದು ಬಗೆಯ ಕಾಮಾಲೆಯಲ್ಲಿ. ವಯಸ್ಸು ಐವತ್ತು, ಅರುವತ್ತು ದಾಟಿರುತ್ತದೆ. ಜ್ವರವಿಲ್ಲ, ವಾಂತಿಯಿಲ್ಲ, ಹೊಟ್ಟೆನೋವೂ ಇಲ್ಲ. ಆದರೆ ಹಳದಿ ಮಾತ್ರ ಒಂದು ದಿನವೂ ಇಳಿಯದೆ ಏರುತ್ತಲೇ ಹೋಗುತ್ತದೆ. ರಾತ್ರಿಯೆಲ್ಲ ಮೈ ತುರಿಕೆ. ಕೆರೆದು ಕೆರೆದು ಕೈಕಾಲಿನ ಮೇಲೆ ಗೀರುಗಳು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಮಲ ಬಣ್ಣ ಕಳೆದುಕೊಂಡು ಬೂದಿಬಿಳುಪಾಗುತ್ತದೆ. ಮಲಕ್ಕೆ ಬಣ್ಣ ಕೊಡುವುದು ಪಿತ್ತ. ಅದು ಕರುಳಿಗೆ ಇಳಿಯುತ್ತಿಲ್ಲ, ದಾರಿಯಲ್ಲೆಲ್ಲೋ ಕಟ್ಟಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಡ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸರ್ಜನ್ ಲುಡ್ವಿಗ್ ಕೂರ್ವಾಸಿಯೇ 1890ರಲ್ಲೇ ಒಂದು ಮಾತು ಬರೆದಿಟ್ಟರು: ಕಾಮಾಲೆಯಾದವರ ಬಲ ಪಕ್ಕೆಲುಬಿನ ಕೆಳಗೆ ಉಬ್ಬಿದ ಪಿತ್ತಕೋಶ ಕೈಗೆ ಸಿಕ್ಕಿದರೆ, ಕಾರಣ ಪಿತ್ತದ ಕಲ್ಲಾಗಿರುವ ಸಾಧ್ಯತೆ ಕಡಿಮೆ. ಬೇರೇನೋ ಪಿತ್ತನಾಳವನ್ನು ಒತ್ತುತ್ತಿದೆ. ಆ ‘ಬೇರೇನೋ’ ಎಷ್ಟೋ ಸಲ ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸ್‌ನ ತಲೆಯಲ್ಲಿ ಬೆಳೆದ ಗಡ್ಡೆ.

ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎಂದರೆ ಮುಗಿಯಿತು ಎಂದು ಕೈಚೆಲ್ಲುವುದು ರೂಢಿ. ಕಾಯಿಲೆ ಕ್ರೂರವಾದದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೈಯಲ್ಲಿರುವ ಅವಕಾಶವೂ ಎರಡು ಕಡೆ ಸೋರಿಹೋಗುತ್ತಿದೆ. ಒಂದು, ಕಣ್ಣು ಹಳದಿಯಾದ ದಿನದಿಂದ ಸರಿಯಾದ ಸ್ಕ್ಯಾನ್ ಆಗುವವರೆಗಿನ ವಾರಗಳಲ್ಲಿ. ಇನ್ನೊಂದು, ಆಪರೇಷನ್ ಎಲ್ಲಿ ಮಾಡಿಸುವುದು ಎಂಬ ತೀರ್ಮಾನದಲ್ಲಿ. ಎರಡನೆಯದರ ಬಗ್ಗೆ ನಮ್ಮ ಮನೆಗಳಲ್ಲಿ ಚರ್ಚೆಯೇ ನಡೆಯುವುದಿಲ್ಲ.

ಈ ಗ್ರಂಥಿ ಇರುವ ಜಾಗವೇ ಅದರ ಕಾಯಿಲೆಯ ಕಥೆಯನ್ನು ಅರ್ಧ ಹೇಳುತ್ತದೆ. ಸುಮಾರು 15 ಸೆಂಟಿಮೀಟರ್ ಉದ್ದ, ನೂರು ಗ್ರಾಮಿನ ಆಸುಪಾಸಿನ ತೂಕ. ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡು ಅಡ್ಡಡ್ಡ ಮಲಗಿದೆ. ಬಲಗಡೆಯ ದಪ್ಪ ತುದಿಯೇ ತಲೆ. ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೋಡಿನಮ್ ಅದನ್ನು ಬಳಸಿಕೊಂಡಿದೆ. ಎಡಕ್ಕೆ ಸಾಗುತ್ತ ಕುತ್ತಿಗೆ, ಮೈ, ಕೊನೆಗೆ ಗುಲ್ಮವನ್ನು ಮುಟ್ಟುವ ಬಾಲ. ಲಿವರ್‌ನಿಂದ ಇಳಿಯುವ ಪಿತ್ತನಾಳ ತಲೆಯೊಳಗಿಂದಲೇ ಹಾದು ಕರುಳು ಸೇರುತ್ತದೆ. ಕರುಳಿನ ರಕ್ತವನ್ನೆಲ್ಲ ಲಿವರ್‌ಗೆ ಒಯ್ಯುವ ದೊಡ್ಡ ರಕ್ತನಾಳ ಕುತ್ತಿಗೆಯ ಬೆನ್ನಿಗೇ ಅಂಟಿಕೊಂಡಿದೆ. ಅದರ ಪಕ್ಕದಲ್ಲೇ ಇಡೀ ಸಣ್ಣ ಕರುಳಿಗೆ ರಕ್ತ ಕೊಡುವ ಅಪಧಮನಿ. ದಿನಕ್ಕೆ ಒಂದೂವರೆ ಲೀಟರ್‌ನಷ್ಟು ಜೀರ್ಣರಸ ಸುರಿಸುವುದು, ಇನ್ಸುಲಿನ್ ತಯಾರಿಸುವುದು, ಎರಡೂ ಈ ಒಂದೇ ಗ್ರಂಥಿಯ ಕೆಲಸ.

ತಲೆಯಲ್ಲಿ ಗಡ್ಡೆ ಹುಟ್ಟಿದರೆ ಪಿತ್ತನಾಳ ಒತ್ತಿಹೋಗಿ ಕಾಮಾಲೆ ಬರುತ್ತದೆ. ಕೇಳಲು ವಿಚಿತ್ರವಾದರೂ ಹೇಳಲೇಬೇಕು: ಈ ಕಾಯಿಲೆಯಲ್ಲಿ ಕಾಮಾಲೆ ಒಂದು ಉಪಕಾರ. ಅದು ಹೊರಗೆ ಕಾಣುತ್ತದೆ, ನೆರೆಯವರೂ ಗುರುತಿಸುತ್ತಾರೆ. ಮೈ ಅಥವಾ ಬಾಲದಲ್ಲಿ ಬೆಳೆದ ಗಡ್ಡೆಗೆ ಅಂಥ ಕಾವಲುಗಾರನಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಮಂಕು ನೋವು; ಬೆನ್ನಿಗೆ ದಾಟುತ್ತದೆ, ಅಂಗಾತ ಮಲಗಿದರೆ ಹೆಚ್ಚುತ್ತದೆ, ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಹಾಯೆನಿಸುತ್ತದೆ. ಗ್ಯಾಸ್ಟ್ರಿಕ್ ಎಂದು ಒಂದಷ್ಟು ತಿಂಗಳು ಮಾತ್ರೆ, ಸೊಂಟದ ಸವೆತ ಎಂದು ಇನ್ನಷ್ಟು ತಿಂಗಳು ಮಸಾಜು. ಹಸಿವು ಸಾಯುತ್ತದೆ, ತೂಕ ಇಳಿಯುತ್ತದೆ. ಮಲ ಜಿಡ್ಡುಜಿಡ್ಡಾಗಿ ನೀರಿನ ಮೇಲೆ ತೇಲುತ್ತದೆ. ಕಾಲಿನ ರಕ್ತನಾಳದಲ್ಲಿ ಕಾರಣವಿಲ್ಲದೆ ರಕ್ತ ಹೆಪ್ಪುಗಟ್ಟುವುದೂ ಉಂಟು. ಪ್ಯಾರಿಸ್ಸಿನ ವೈದ್ಯ ಆರ್ಮಾಂ ಟ್ರೂಸೊ ಹೊಟ್ಟೆಯೊಳಗಿನ ಕ್ಯಾನ್ಸರಿಗೂ ಈ ಹೆಪ್ಪಿಗೂ ಇರುವ ನಂಟನ್ನು 1865ರಲ್ಲೇ ಹೇಳಿದ್ದರು.

ಸಕ್ಕರೆ ಕಾಯಿಲೆಯ ಸುಳಿವಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆಯೇ ಅಪರೂಪ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿದ್ದ ಸುರೇಶ್ ಚಾರಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರಲ್ಲಿ ಮೂರು ವರ್ಷದೊಳಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಪತ್ತೆಯಾದದ್ದು ಹೆಚ್ಚುಕಡಿಮೆ ನೂರಕ್ಕೆ ಒಬ್ಬರಲ್ಲಿ. ಸಕ್ಕರೆ ಕಾಣಿಸಿಕೊಂಡವರೆಲ್ಲ ಹೆದರಬೇಕಾದ ಸಂಖ್ಯೆ ಇದಲ್ಲ. ಆದರೆ ಮನೆತನದಲ್ಲಿ ಸಕ್ಕರೆ ಕಾಯಿಲೆ ಇಲ್ಲದಿದ್ದವರಿಗೆ, ಮೈ ಬಂದಿರದವರಿಗೆ, ಅರುವತ್ತರ ಮೇಲೆ ದಿಢೀರನೆ ಸಕ್ಕರೆ ಏರಿ ಜತೆಗೆ ತೂಕವೂ ಇಳಿಯುತ್ತಿದ್ದರೆ ‘ಶುಗರ್ ಬಂದರೆ ಸಣ್ಣ ಆಗೋದು ಸಹಜ’ ಎಂದು ಸುಮ್ಮನಾಗಬಾರದು. ಒಂದು ಸ್ಕ್ಯಾನ್ ಕೇಳುವ ಹಕ್ಕು ಅಂಥವರಿಗಿದೆ. ಇದೇ ಚಾರಿ, ಚೆನ್ನೈನ ವಿ. ಮೋಹನ್ ಮತ್ತಿತರರು ಸೇರಿ 1994ರಲ್ಲಿ ಇನ್ನೊಂದು ಸಂಗತಿ ತೋರಿಸಿದ್ದರು. ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಚಿಕ್ಕ ವಯಸ್ಸಿನಲ್ಲೇ ಪ್ಯಾಂಕ್ರಿಯಾಸ್‌ನಲ್ಲಿ ಕಲ್ಲು ಕಟ್ಟುವ ಒಂದು ದೀರ್ಘಕಾಲದ ಉರಿಯೂತವಿದೆ. ಅದು ಇರುವವರಿಗೆ ಮುಂದೆ ಈ ಕ್ಯಾನ್ಸರ್ ಬರುವ ಸಂಭವ ಹಲವು ಪಟ್ಟು ಹೆಚ್ಚು. ಉಳಿದ ಕಾರಣಗಳಲ್ಲಿ ಮೊದಲ ಸ್ಥಾನ ಬೀಡಿ ಸಿಗರೇಟಿಗೆ. ಸೇದುವವರಿಗೆ ಅಪಾಯ ಸುಮಾರು ಎರಡು ಪಟ್ಟು. ಬೊಜ್ಜು, ವಿಪರೀತ ಕುಡಿತ, ಹತ್ತಿರದ ರಕ್ತಸಂಬಂಧಿಗಳಲ್ಲಿ ಇದೇ ಕ್ಯಾನ್ಸರ್ ಇದ್ದದ್ದು, ಸ್ತನ ಕ್ಯಾನ್ಸರಿನ ಜತೆ ಹೆಸರಾದ ಬಿ.ಆರ್.ಸಿ.ಎ. ಜೀನಿನ ದೋಷ, ಇವೂ ಸೇರುತ್ತವೆ.

2022ರಲ್ಲಿ ಪ್ರಪಂಚದಾದ್ಯಂತ ಸುಮಾರು 5.1 ಲಕ್ಷ ಜನರಲ್ಲಿ ಈ ಕ್ಯಾನ್ಸರ್ ಪತ್ತೆಯಾಯಿತು. ಅದೇ ವರ್ಷ ಇದರಿಂದ ಸತ್ತವರು ಸುಮಾರು 4.67 ಲಕ್ಷ. ಅಮೆರಿಕದಲ್ಲೂ ಪತ್ತೆಯಾಗಿ ಐದು ವರ್ಷ ಬದುಕಿರುವವರು ನೂರಕ್ಕೆ 13 ಮಂದಿ ಮಾತ್ರ. ಪತ್ತೆಯಾಗುವ ಹೊತ್ತಿಗೆ ಆಪರೇಷನ್ ಮಾಡಬಹುದಾದ ಹಂತದಲ್ಲಿರುವವರು ನೂರಕ್ಕೆ 15ರಿಂದ 20. ಹಾಗಾದರೆ ಇದು ಚಿಟಿಕೆ ಹೊಡೆಯುವುದರಲ್ಲಿ ಬೆಳೆಯುವ ಗಡ್ಡೆಯೇ? ಅಲ್ಲ. 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಗಡ್ಡೆಗಳ ಜೀನುಗಳನ್ನು ಓದಿ ಲೆಕ್ಕ ಹಾಕಿತು. ಮೊದಲ ದೋಷ ಹುಟ್ಟಿದಾಗಿನಿಂದ ನಿಜವಾದ ಕ್ಯಾನ್ಸರ್ ಕೋಶ ಹುಟ್ಟಲು ಕನಿಷ್ಠ ಹತ್ತು ವರ್ಷ. ಅದು ಬೇರೆಡೆಗೆ ಹರಡುವ ಶಕ್ತಿ ಪಡೆಯಲು ಮತ್ತೆ ಐದು ವರ್ಷ. ಆಮೇಲೆ ಸಾವಿಗೆ ಸರಾಸರಿ ಎರಡೇ ವರ್ಷ. ನಮ್ಮ ಕಣ್ಣಿಗೆ ಬೀಳುವುದು ಆ ಕೊನೆಯ ಎರಡು ವರ್ಷ. ಎಲ್ಲರನ್ನೂ ಪರೀಕ್ಷಿಸಿ ಮೊದಲೇ ಹಿಡಿಯುವಂಥ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. ಲ್ಯಾಬ್‌ಗಳ ಪ್ಯಾಕೇಜಿನಲ್ಲಿ ಕಾಣುವ ಸಿಎ 19-9 ಆ ಕೆಲಸಕ್ಕಲ್ಲ. ಬೇರೆ ಕಾರಣದ ಕಾಮಾಲೆಯಲ್ಲೂ ಅದು ಏರುತ್ತದೆ, ಕೆಲವರ ಮೈಯಲ್ಲಿ ಹುಟ್ಟಿನಿಂದಲೇ ಅದು ತಯಾರಾಗುವುದಿಲ್ಲ. ಪತ್ತೆಯಾದ ಮೇಲೆ ಚಿಕಿತ್ಸೆ ಹೇಗೆ ಸಾಗುತ್ತಿದೆ ಎಂದು ನೋಡಲು ಮಾತ್ರ ಅದು ಉಪಯೋಗಿ.

ವಾಸಿಯಾಗುವ ಆಸೆ ಇರುವುದು ಗಡ್ಡೆಯನ್ನು ಪೂರ್ತಿ ತೆಗೆದಾಗ ಮಾತ್ರ. ಅದನ್ನು ತೆಗೆಯುವ ದಾರಿ ಕಂಡುಕೊಳ್ಳಲು ಸರ್ಜನ್‌ಗಳಿಗೆ ನಾಲ್ಕು ದಶಕ ಹಿಡಿಯಿತು. ಇಟಲಿಯ ಇಮೋಲಾದಲ್ಲಿ ಅಲೆಸ್ಸಾಂಡ್ರೊ ಕೊಡಿವಿಲ್ಲ 1898ರಲ್ಲಿ ಪ್ಯಾಂಕ್ರಿಯಾಸ್‌ನ ತಲೆ, ಡ್ಯುಯೋಡಿನಮ್ ಎರಡನ್ನೂ ತೆಗೆದರು. ರೋಗಿ ಕೆಲವೇ ವಾರಗಳಲ್ಲಿ ತೀರಿಕೊಂಡ. ಬರ್ಲಿನ್ನಿನ ವಾಲ್ಟರ್ ಕೌಶ್ 1909ರಲ್ಲಿ ಅದನ್ನೇ ಎರಡು ಕಂತಿನಲ್ಲಿ ಮಾಡಿದರು. ಮೊದಲು ಪಿತ್ತಕ್ಕೆ ಬೇರೆ ದಾರಿ ಮಾಡಿಕೊಟ್ಟು ಕಾಮಾಲೆ ಇಳಿಸುವುದು, ರೋಗಿ ಚೇತರಿಸಿಕೊಂಡ ಮೇಲೆ ಗಡ್ಡೆ ತೆಗೆಯುವುದು. ಅವರ ರೋಗಿ ಒಂಬತ್ತು ತಿಂಗಳು ಬದುಕಿದ್ದ. ಅಷ್ಟಾದರೂ ಜಗತ್ತು ಅದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತು.

ಆಪರೇಷನ್ನಿಗೆ ಇವತ್ತು ಯಾರ ಹೆಸರಿದೆಯೋ ಆ ಅಲನ್ ವಿಪಲ್ ಹುಟ್ಟಿದ್ದು 1881ರಲ್ಲಿ, ಪರ್ಷಿಯಾದ ಉರ್ಮಿಯಾದಲ್ಲಿ, ಅಮೆರಿಕದ ಮಿಷನರಿ ದಂಪತಿಗೆ. ನಿವೃತ್ತಿಯಾದ ಮೇಲೆ ಅವರು ಆ ಭಾಗದ ನೆಸ್ಟೋರಿಯನ್ ಕ್ರೈಸ್ತರು ಮತ್ತು ಮುಸ್ಲಿಮರು ವೈದ್ಯಕೀಯಕ್ಕೆ ಕೊಟ್ಟ ಕಾಣಿಕೆಯ ಬಗ್ಗೆ ಪುಸ್ತಕವನ್ನೇ ಬರೆದರು. ನ್ಯೂಯಾರ್ಕಿನ ಕೊಲಂಬಿಯಾ-ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ಅವರ ಮೊದಲ ಪ್ರಯತ್ನ ವಿಫಲವಾಯಿತು. ಪ್ರಾಣಿಗಳ ಕರುಳಿನಿಂದ ಮಾಡಿದ ಹೊಲಿಗೆ ದಾರವನ್ನು ಪ್ಯಾಂಕ್ರಿಯಾಸ್‌ನ ರಸವೇ ಜೀರ್ಣಿಸಿಕೊಂಡಿತ್ತು. ಮುಂದೆ ಅವರು ರೇಷ್ಮೆ ದಾರಕ್ಕೆ ಬದಲಾಯಿಸಿದರು. 1935ರಲ್ಲಿ ಪಾರ್ಸನ್ಸ್ ಮತ್ತು ಮಲಿನ್ಸ್ ಜತೆ ಸೇರಿ ಮೂವರು ರೋಗಿಗಳ ವರದಿ ಪ್ರಕಟಿಸಿದರು. ಆಗಲೂ ಎರಡು ಕಂತು.

ಎರಡು ಕಂತು ಏಕೆ? ಕಾಮಾಲೆಯಾದವರ ರಕ್ತ ನಿಲ್ಲುತ್ತಿರಲಿಲ್ಲ. ಚಾಕು ಇಟ್ಟಲ್ಲೆಲ್ಲ ಜಿನುಗುತ್ತಲೇ ಇರುತ್ತಿತ್ತು. ಉತ್ತರ ಸಿಕ್ಕಿದ್ದು ಕೋಪನ್‌ಹೇಗನ್ನಿನ ಕೋಳಿಮರಿಗಳಿಂದ. ಕೊಬ್ಬಿಲ್ಲದ ಮೇವು ತಿಂದ ಮರಿಗಳು ರಕ್ತಸ್ರಾವವಾಗಿ ಸಾಯುವುದನ್ನು ಹೆನ್ರಿಕ್ ಡ್ಯಾಮ್ ಗಮನಿಸಿದರು. ಕೊರತೆಯಾದ ವಸ್ತುವಿಗೆ ವಿಟಮಿನ್ ಕೆ ಎಂದು ಹೆಸರಾಯಿತು. 1943ರ ನೊಬೆಲ್ ಇದಕ್ಕೇ ಸಂದಿತು. ಈ ವಿಟಮಿನ್ ಮೈಗೆ ಸೇರಲು ಕರುಳಿನಲ್ಲಿ ಪಿತ್ತ ಇರಬೇಕು. ಪಿತ್ತನಾಳ ಮುಚ್ಚಿದವರಲ್ಲಿ ಅದು ಒಳಗೆ ಹೋಗುವುದೇ ಇಲ್ಲ, ಹಾಗಾಗಿಯೇ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ. ವಿಟಮಿನ್ ಕೆ ಔಷಧವಾಗಿ ಕೈಗೆ ಬಂದ ಮೇಲೆ ಸರ್ಜನ್‌ಗಳ ಭಯ ಅರ್ಧ ಕಡಿಮೆಯಾಯಿತು. 1940ರಲ್ಲಿ ವಿಪಲ್, ಜಠರದ ಗಡ್ಡೆ ಎಂದುಕೊಂಡು ಒಬ್ಬ ಹೆಂಗಸಿನ ಹೊಟ್ಟೆ ತೆರೆದರೆ ಗಡ್ಡೆ ಇದ್ದದ್ದು ಪ್ಯಾಂಕ್ರಿಯಾಸ್‌ನ ತಲೆಯಲ್ಲಿ. ಆಕೆಗೆ ಕಾಮಾಲೆ ಇರಲಿಲ್ಲ. ಒಂದೇ ಬಾರಿಗೆ ಎಲ್ಲವನ್ನೂ ತೆಗೆದು ಜೋಡಿಸಿಬಿಟ್ಟರು. ಆಕೆ ಹಲವು ವರ್ಷ ಬದುಕಿದಳು. ಇಂದಿಗೂ ಆಪರೇಷನ್ನಿಗೆ ಮುಂಚೆ ಕಾಮಾಲೆ ರೋಗಿಗೆ ಕೊಡುವ ಪುಟ್ಟ ವಿಟಮಿನ್ ಕೆ ಇಂಜೆಕ್ಷನ್ನಿನ ಹಿಂದೆ ಇಷ್ಟೆಲ್ಲ ಚರಿತ್ರೆಯಿದೆ.

ಈಗ ಆ ಆಪರೇಷನ್ ಹೇಗೆ ನಡೆಯುತ್ತದೆಂದು ನೋಡೋಣ. ಐದರಿಂದ ಏಳು ತಾಸಿನ ಕೆಲಸ. ಹೊಟ್ಟೆ ತೆರೆದವರೇ ಸರ್ಜನ್ ಗಡ್ಡೆಯತ್ತ ಹೋಗುವುದಿಲ್ಲ. ಮೊದಲು ಲಿವರ್‌ನ ಮೇಲೆ, ಹೊಟ್ಟೆಯ ಒಳಪೊರೆಯ ಮೇಲೆ ಕೈಯಾಡಿಸಿ, ಸ್ಕ್ಯಾನಿಗೆ ಸಿಗದಷ್ಟು ಸಣ್ಣ ಕಾಳುಗಳೇನಾದರೂ ಇವೆಯೇ ಎಂದು ಹುಡುಕುತ್ತಾರೆ. ಅವು ಸಿಕ್ಕಿದರೆ ಕ್ಯಾನ್ಸರ್ ಹರಡಿದೆ ಎಂದೇ ಅರ್ಥ; ದೊಡ್ಡ ಆಪರೇಷನ್ನಿನಿಂದ ಪ್ರಯೋಜನವಿಲ್ಲ. ಏನೂ ಇಲ್ಲವೆಂದಾದರೆ ಡ್ಯುಯೋಡಿನಮ್ಮನ್ನು ಅದರ ಹಾಸಿನಿಂದ ಬಿಡಿಸಿ ಮೇಲಕ್ಕೆತ್ತಿ, ತಲೆಯ ಹಿಂಭಾಗವನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾರೆ.

ಆಮೇಲೆ ಬರುವುದು ಕುತ್ತಿಗೆ. ಗ್ರಂಥಿಯ ಕೆಳ ಅಂಚಿನಲ್ಲಿ ನೀಲಿ ಬಣ್ಣದ ಆ ದೊಡ್ಡ ರಕ್ತನಾಳ ಕಾಣಿಸಿಕೊಳ್ಳುತ್ತದೆ. ಅದರ ಗೋಡೆ ತೆಳು. ಒಂದು ಸಣ್ಣ ಕವಲು ಕಿತ್ತುಬಂದರೂ ಕ್ಷಣದಲ್ಲಿ ಕಣ್ಣೆದುರಿಗೆ ರಕ್ತದ ಮಡು. ಸರ್ಜನ್ ಬಾಗಿದ ಮೊಂಡು ತುದಿಯ ಉಪಕರಣವೊಂದನ್ನು ರಕ್ತನಾಳದ ಮುಂದೆ, ಗ್ರಂಥಿಯ ಹಿಂದೆ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತೂರಿಸುತ್ತ ಮೇಲಕ್ಕೆ ಸಾಗುತ್ತಾರೆ. ಗ್ರಂಥಿಗೂ ರಕ್ತನಾಳಕ್ಕೂ ನಡುವೆ ಸಹಜವಾಗಿ ಇರುವ ಖಾಲಿ ಜಾಗ ಅದು. ಗಡ್ಡೆ ಅಂಟಿಕೊಂಡಿರದಿದ್ದರೆ ಉಪಕರಣದ ತುದಿ ಆ ಕಡೆಯ ಅಂಚಿನಲ್ಲಿ ಹೊರಬರುತ್ತದೆ. ಅರಿವಳಿಕೆ ವೈದ್ಯರಿಗೂ ನರ್ಸ್‌ಗಳಿಗೂ ಅದು ಗೊತ್ತಾಗುತ್ತದೆ. ಇಷ್ಟು ಹೊತ್ತು ಯಾರೂ ಆಡದ ಮಾತು ಆಗ ಶುರುವಾಗುತ್ತದೆ. ಅಲ್ಲಿಂದ ಮುಂದೆ ಹಿಂದಿರುಗುವ ಮಾತಿಲ್ಲ. ಪ್ಯಾಂಕ್ರಿಯಾಸ್‌ನ ತಲೆ, ಡ್ಯುಯೋಡಿನಮ್, ಪಿತ್ತಕೋಶ, ಪಿತ್ತನಾಳದ ಕೆಳಭಾಗ, ಕೆಲವೊಮ್ಮೆ ಜಠರದ ತುದಿ, ಸುತ್ತಲಿನ ದುಗ್ಧಗ್ರಂಥಿಗಳು, ಎಲ್ಲವೂ ಒಂದೇ ತುಂಡಾಗಿ ಹೊರಬರುತ್ತವೆ. ಒಂದೇ ರಕ್ತನಾಳಗಳನ್ನು ಹಂಚಿಕೊಂಡ ಅಂಗಗಳಾದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆಯಲಾಗದು. ಅಂಚಿನ ತುಣುಕು ಪೆಥಾಲಜಿಗೆ ಹೋಗುತ್ತದೆ. ಅಂಚಿನಲ್ಲಿ ಕ್ಯಾನ್ಸರ್ ಕೋಶ ಇಲ್ಲವೆಂಬ ಫೋನು ಬಂದ ಮೇಲೆ ಕಟ್ಟುವ ಕೆಲಸ.

ಮೂರು ಜೋಡಣೆಗಳು. ಸಣ್ಣ ಕರುಳಿನ ಕುಣಿಕೆಯೊಂದನ್ನು ಮೇಲಕ್ಕೆ ತಂದು ಮೊದಲು ಉಳಿದ ಪ್ಯಾಂಕ್ರಿಯಾಸ್‌ಗೆ, ನಂತರ ಪಿತ್ತನಾಳಕ್ಕೆ, ಕೊನೆಗೆ ಜಠರಕ್ಕೆ ಹೊಲಿಯಬೇಕು. ಎರಡನೆಯದು, ಮೂರನೆಯದು ಸಾಮಾನ್ಯವಾಗಿ ಕೂಡಿಕೊಳ್ಳುತ್ತವೆ. ಎಲ್ಲರ ನಿದ್ದೆ ಕೆಡಿಸುವುದು ಮೊದಲನೆಯದು. ಪ್ಯಾಂಕ್ರಿಯಾಸ್ ಮೆದುವಾಗಿದ್ದರೆ ಬೆಣ್ಣೆಗೆ ಹೊಲಿಗೆ ಹಾಕಿದಂತೆ; ದಾರ ಎಳೆದರೆ ಕುಯ್ದುಕೊಂಡೇ ಬರುತ್ತದೆ. ಒಳಗಿನ ನಾಳ ಎರಡು ಮೂರು ಮಿಲಿಮೀಟರ್. ಕನ್ನಡಕಕ್ಕೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಣ್ಣ ದಾರದಲ್ಲಿ ಒಂದೊಂದೇ ಹೊಲಿಗೆ. ಹೊಲಿದ ಜಾಗದಲ್ಲಿ ಹರಿಯುವುದು ಮಾಂಸವನ್ನೇ ಜೀರ್ಣಿಸುವ ರಸ.

ಅದಕ್ಕೇ ಆಪರೇಷನ್ ಮುಗಿದ ಮೇಲಿನ ವಾರ ಆಪರೇಷನ್ನಿನಷ್ಟೇ ಮುಖ್ಯ. ಹೊಟ್ಟೆಯ ಪಕ್ಕದಿಂದ ಬಂದ ಡ್ರೈನ್ ಕೊಳವೆಯ ನೀರನ್ನು ಮೂರನೆಯ ದಿನ ಲ್ಯಾಬಿಗೆ ಕಳಿಸುತ್ತಾರೆ. ಅದರಲ್ಲಿನ ಅಮೈಲೇಸ್ ಎಂಬ ಕಿಣ್ವ ರಕ್ತದ ಸಾಮಾನ್ಯ ಮಿತಿಗಿಂತ ಮೂರು ಪಟ್ಟು ದಾಟಿದ್ದರೆ ಜೋಡಣೆ ಸೋರುತ್ತಿದೆ ಎಂದು ಅನುಮಾನ. ಒಳ್ಳೆಯ ಆಸ್ಪತ್ರೆಗಳಲ್ಲೂ ಹತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ ತೊಂದರೆ ಕೊಡುವಷ್ಟು ಸೋರಿಕೆ ಆಗುತ್ತದೆ. ಅದು ಸರ್ಜನ್ನಿನ ತಪ್ಪೆಂದು ಮನೆಯವರು ಜಗಳಕ್ಕೆ ನಿಲ್ಲಬೇಕಿಲ್ಲ. ಹೆಚ್ಚಿನವು ಡ್ರೈನ್, ಆಂಟಿಬಯಾಟಿಕ್, ತಾಳ್ಮೆ ಇವುಗಳಲ್ಲೇ ಮುಚ್ಚಿಕೊಳ್ಳುತ್ತವೆ. ಜಠರ ಕೆಲಸ ಮಾಡಲು ಒಪ್ಪದೆ ಮೂಗಿನ ಕೊಳವೆ ಹತ್ತು ಹದಿನೈದು ದಿನ ಉಳಿಯುವುದೂ ಇದೆ. ಕಾಡುವ ಭಯ ಬೇರೆ. ಸೋರಿದ ರಸ ಹತ್ತಿರದ ಅಪಧಮನಿಯ ತುದಿಯನ್ನು ತಿಂದರೆ, ಎಲ್ಲ ಸರಿಹೋಯಿತು ಎಂದುಕೊಂಡ ವಾರದಲ್ಲಿ ಡ್ರೈನಿನಲ್ಲಿ ನಾಲ್ಕು ಹನಿ ಕೆಂಪು ಕಾಣಿಸುತ್ತದೆ. ನಾಲ್ಕೇ ಹನಿ, ಮತ್ತೆ ನಿಂತಿತು ಎಂದು ಡ್ಯೂಟಿಯಲ್ಲಿರುವವರು ಬಿಟ್ಟರೆ ಮುಂದಿನ ಕೆಲವೇ ತಾಸುಗಳಲ್ಲಿ ಧಾರಾಕಾರ. ಅದರ ಅರ್ಥ ತಿಳಿದವರಿದ್ದರೆ ನಡುರಾತ್ರಿಯಾದರೂ ಸಿ.ಟಿ. ಆಂಜಿಯೊ ಮಾಡಿಸಿ, ತೊಡೆಯ ರಕ್ತನಾಳದ ಮೂಲಕ ಕೊಳವೆ ತೂರಿಸಿ, ಸೋರುವ ಜಾಗವನ್ನು ಮುಚ್ಚುತ್ತಾರೆ.

ಆಸ್ಪತ್ರೆಯ ಆಯ್ಕೆ ಏಕೆ ಮುಖ್ಯ ಎಂಬುದಕ್ಕೆ ಈ ನಾಲ್ಕು ಹನಿಯೇ ಸಾಕ್ಷಿ. 1970ರ ಹೊತ್ತಿಗೂ ವಿಪಲ್ ಆಪರೇಷನ್ ಆದವರಲ್ಲಿ ನಾಲ್ಕೈದು ಜನಕ್ಕೆ ಒಬ್ಬರು ಆಸ್ಪತ್ರೆಯಲ್ಲೇ ಸಾಯುತ್ತಿದ್ದರು. ಇದನ್ನು ಬಿಟ್ಟುಬಿಡುವುದೇ ಮೇಲು ಎಂದು ಹೆಸರಾಂತ ಸರ್ಜನ್‌ಗಳೇ ಬರೆದರು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾನ್ ಕ್ಯಾಮರಾನ್ ಬಿಡಲಿಲ್ಲ. ಒಂದೇ ಕಡೆ, ಒಂದೇ ತಂಡ, ಮತ್ತೆ ಮತ್ತೆ ಅದೇ ಕೆಲಸ. 1993ರಲ್ಲಿ ಅವರು ಸಾಲಾಗಿ 145 ಆಪರೇಷನ್‌ಗಳಲ್ಲಿ ಒಂದೂ ಸಾವಿಲ್ಲದ ವರದಿ ಪ್ರಕಟಿಸಿದರು. ಚಾಕು, ದಾರಕ್ಕಿಂತ ಹೆಚ್ಚಾಗಿ ಬದಲಾಗಿದ್ದು ರೂಢಿ, ಸುತ್ತಲಿನ ಏರ್ಪಾಡು. 2002ರಲ್ಲಿ ಅಮೆರಿಕದ ಹಿರಿಯ ನಾಗರಿಕರ ದಾಖಲೆಗಳನ್ನು ಜಾಲಾಡಿದ ಜಾನ್ ಬರ್ಕ್‌ಮೇಯರ್ ತಂಡ, ಪ್ಯಾಂಕ್ರಿಯಾಸ್ ಆಪರೇಷನ್ ಅತಿ ವಿರಳವಾಗಿ ಮಾಡುವ ಆಸ್ಪತ್ರೆಗಳಲ್ಲಿ ಸಾವು ನೂರಕ್ಕೆ 16.3, ಅತಿ ಹೆಚ್ಚು ಮಾಡುವಲ್ಲಿ 3.8 ಎಂದು ತೋರಿಸಿತು. ನೆದರ್‌ಲ್ಯಾಂಡ್ಸ್ ದೇಶ ವರ್ಷಕ್ಕೆ ಕನಿಷ್ಠ 20 ವಿಪಲ್ ಮಾಡದ ಆಸ್ಪತ್ರೆ ಅದರ ತಂಟೆಗೇ ಹೋಗಬಾರದೆಂಬ ನಿಯಮದತ್ತ ಹೆಜ್ಜೆ ಹಾಕಿತು. 2004ರಲ್ಲಿ 9.8 ಇದ್ದ ಅಲ್ಲಿನ ಸಾವಿನ ಪ್ರಮಾಣ 2010ಕ್ಕೆ 5.1ಕ್ಕೆ ಇಳಿಯಿತು. ನಮ್ಮಲ್ಲೂ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಶೈಲೇಶ್ ಶ್ರೀಖಂಡೆ ಮತ್ತು ಸಂಗಡಿಗರು ಒಂದೇ ಕೇಂದ್ರದ ಸಾಲು 1200 ವಿಪಲ್ ಆಪರೇಷನ್‌ಗಳ ವರದಿಯನ್ನು 2020ರಲ್ಲಿ ಪ್ರಕಟಿಸಿದ್ದಾರೆ. ಭಾರತದಲ್ಲಿ ಇದು ಆಗದ ಕೆಲಸ ಎನ್ನುವ ಕಾಲ ಹೋಗಿದೆ. ಆದರೆ ಎಲ್ಲ ಕಡೆಯೂ ಒಂದೇ ತೆರನಾಗಿ ಆಗುತ್ತದೆ ಎನ್ನುವುದೂ ಸುಳ್ಳು.

ಮನೆಯವರು ಸಂಕೋಚ ಬಿಟ್ಟು ಕೇಳಲೇಬೇಕು: ‘ಡಾಕ್ಟ್ರೇ, ನಿಮ್ಮಲ್ಲಿ ವರ್ಷಕ್ಕೆ ಇಂಥದ್ದು ಎಷ್ಟು ಮಾಡ್ತೀರಿ? ರಾತ್ರಿ ರಕ್ತಸ್ರಾವ ಆದ್ರೆ ಅದನ್ನ ಮುಚ್ಚೋರು ಇಲ್ಲೇ ಇರ್ತಾರಾ?’ ಅನುಭವಸ್ಥ ಸರ್ಜನ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಲೆಕ್ಕವನ್ನೇ ಹೇಳುತ್ತಾರೆ. ಹತ್ತಿರದ ನಗರದ ಗುರುತಿನ ಸರ್ಜನ್ ಮೇಲಿನ ವಿಶ್ವಾಸ ದೊಡ್ಡದು, ನಿಜ. ಅಪೆಂಡಿಕ್ಸಿಗೆ, ಹರ್ನಿಯಾಕ್ಕೆ ಆ ವಿಶ್ವಾಸ ಸಾಕು. ಇದಕ್ಕೆ ಸಾಲದು. ಎರಡನೆಯ ಅಭಿಪ್ರಾಯಕ್ಕಾಗಿ ನಾಲ್ಕೈದು ದಿನ ಹೋದರೆ ನಷ್ಟವಿಲ್ಲ. ಮದ್ದು, ಹರಕೆ ಎಂದು ಆರು ವಾರ ಹೋದರೆ ನಷ್ಟವಿದೆ.

ಆಪರೇಷನ್ ಆಗಬಹುದೋ ಇಲ್ಲವೋ ಎಂದು ತೀರ್ಮಾನಿಸುವುದು ಸಿ.ಟಿ. ಸ್ಕ್ಯಾನ್. ಹೊಟ್ಟೆಯ ಅಲ್ಟ್ರಾಸೌಂಡ್‌ನಲ್ಲಿ ಗಾಳಿ ಅಡ್ಡ ಬಂದು ಪ್ಯಾಂಕ್ರಿಯಾಸ್ ಎಷ್ಟೋ ಸಲ ಕಾಣುವುದೇ ಇಲ್ಲ. ‘ನಾರ್ಮಲ್’ ಎಂಬ ವರದಿಗೆ ಮರುಳಾಗಬಾರದು. ಬಣ್ಣದ ಔಷಧ ಕೊಟ್ಟು, ಪ್ಯಾಂಕ್ರಿಯಾಸ್‌ಗೆಂದೇ ಹೊತ್ತು ನೋಡಿ ತೆಗೆದ ಸಿ.ಟಿ. ಬೇಕು. ಸಾಧ್ಯವಿದ್ದಲ್ಲಿ ಪಿತ್ತನಾಳಕ್ಕೆ ಸ್ಟೆಂಟ್ ಹಾಕುವ ಮೊದಲೇ ಅದನ್ನು ತೆಗೆಸಬೇಕು, ಸ್ಟೆಂಟ್ ಬಿದ್ದ ಮೇಲೆ ಚಿತ್ರ ಮಸುಕಾಗುತ್ತದೆ. ಸ್ಟೆಂಟ್ ಎಲ್ಲರಿಗೂ ಬೇಕಾಗಿಯೂ ಇಲ್ಲ. ಬೇಗನೆ ಆಪರೇಷನ್ ಆಗುವಂತಿದ್ದು, ಕಾಮಾಲೆ ತೀರಾ ಏರಿರದಿದ್ದರೆ, ಮೊದಲು ಸ್ಟೆಂಟ್ ಹಾಕಿ ಕಾದವರಲ್ಲಿ ಗಂಭೀರ ತೊಡಕು ನೂರಕ್ಕೆ 74, ನೇರವಾಗಿ ಆಪರೇಷನ್ ಆದವರಲ್ಲಿ 39 ಎಂದು 2010ರ ಡಚ್ ಅಧ್ಯಯನ ಹೇಳಿತು. ಜ್ವರ ಬಂದು ಪಿತ್ತ ಕೀವಾಗಿದ್ದರೆ, ಕಾಮಾಲೆ ಬಹಳ ಏರಿದ್ದರೆ, ಮೊದಲು ಕಿಮೋ ಕೊಡುವುದಿದ್ದರೆ ಸ್ಟೆಂಟ್ ಬೇಕೇ ಬೇಕು. ಇನ್ನು ಬಯಾಪ್ಸಿ. ‘ಕ್ಯಾನ್ಸರ್ ಅಂತ ಖಾತ್ರಿ ಮಾಡದೆ ಹೇಗೆ ಆಪರೇಷನ್ ಮಾಡ್ತಾರೆ?’ ಎಂದು ಕೇಳುವವರಿದ್ದಾರೆ. ಸ್ಕ್ಯಾನ್ ಸ್ಪಷ್ಟವಾಗಿದ್ದು ಗಡ್ಡೆ ತೆಗೆಯುವಂತಿದ್ದರೆ ಸೂಜಿ ಚುಚ್ಚಿ ನೋಡಲೇಬೇಕೆಂದಿಲ್ಲ, ಏಕೆಂದರೆ ಸೂಜಿಗೆ ಕ್ಯಾನ್ಸರ್ ಸಿಗಲಿಲ್ಲವೆಂದರೆ ಕ್ಯಾನ್ಸರ್ ಇಲ್ಲವೆಂದಲ್ಲ. ಕಿಮೋ ಶುರುಮಾಡುವ ಮುಂಚೆ ಮಾತ್ರ ಖಾತ್ರಿ ಬೇಕು. ನಮ್ಮ ದೇಶದಲ್ಲಿ ಕ್ಷಯದ ಗಂಟುಗಳೂ ಇಲ್ಲಿ ಕ್ಯಾನ್ಸರಿನ ವೇಷ ಹಾಕುತ್ತವೆ ಎಂಬುದನ್ನು ಅನುಭವಿ ವೈದ್ಯರು ಮರೆಯುವುದಿಲ್ಲ.

ಗಡ್ಡೆ ಮೈ ಅಥವಾ ಬಾಲದಲ್ಲಿದ್ದರೆ ಎಡಭಾಗವನ್ನು ಗುಲ್ಮದ ಸಮೇತ ತೆಗೆಯುತ್ತಾರೆ. ಕರುಳು ಜೋಡಿಸುವ ಕೆಲಸ ಇರುವುದಿಲ್ಲ. ಗುಲ್ಮ ಹೋದರೆ ಕೆಲವು ಬ್ಯಾಕ್ಟೀರಿಯಾಗಳ ವಿರುದ್ಧದ ಕಾವಲು ಹೋದಂತೆ, ಹಾಗಾಗಿ ಸಾಧ್ಯವಾದರೆ ಎರಡು ವಾರ ಮುಂಚೆಯೇ ನ್ಯುಮೋಕಾಕಸ್, ಮೆನಿಂಜೊಕಾಕಸ್ ಲಸಿಕೆಗಳು. ಇಡೀ ಗ್ರಂಥಿ ತೆಗೆಯಬೇಕಾದವರು ಜೀವನಪೂರ್ತಿ ಇನ್ಸುಲಿನ್ ಮೇಲೆ. ಗಡ್ಡೆ ಪಕ್ಕದ ರಕ್ತನಾಳಗಳಿಗೆ ತಾಗಿಕೊಂಡಿದ್ದರೆ ಹಿಂದೆಲ್ಲ ಆಗುವುದಿಲ್ಲ ಎಂದು ಕಳಿಸಿಬಿಡುತ್ತಿದ್ದರು. ಈಗ ಮೊದಲು ಕೆಲವು ತಿಂಗಳು ಕಿಮೋ ಕೊಟ್ಟು, ಗಡ್ಡೆ ಹಿಡಿತ ಬಿಟ್ಟರೆ, ಬೇಕಾದಲ್ಲಿ ಲಿವರ್‌ಗೆ ಹೋಗುವ ಆ ಅಭಿಧಮನಿಯ ತುಂಡನ್ನೂ ತೆಗೆದು ಮತ್ತೆ ಜೋಡಿಸುತ್ತಾರೆ. ಅಪಧಮನಿಯನ್ನೇ ಗಡ್ಡೆ ಅರ್ಧಕ್ಕಿಂತ ಹೆಚ್ಚು ಸುತ್ತಿಕೊಂಡಿದ್ದರೆ ಕಷ್ಟ. ಲ್ಯಾಪ್ರೋಸ್ಕೋಪಿ, ರೋಬೊ ಎಂಬ ಜಾಹೀರಾತುಗಳು ಈಗ ದಾರಿಬದಿಯ ಫಲಕಗಳಲ್ಲೂ ಇವೆ. ಎಡಭಾಗದ ಆಪರೇಷನ್ನಿಗೆ ಕೀಲಿರಂಧ್ರದ ದಾರಿ ನಿಜಕ್ಕೂ ಅನುಕೂಲ. ಆದರೆ ವಿಪಲ್‌ನಲ್ಲಿ ಅದನ್ನು ಪರೀಕ್ಷಿಸಿದ ಡಚ್ಚರ ಲೆಪರ್ಡ್-2 ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು: ಲ್ಯಾಪ್ರೋಸ್ಕೋಪಿ ಗುಂಪಿನ 50 ಮಂದಿಯಲ್ಲಿ ಐವರು ಸತ್ತಿದ್ದರು, ಹೊಟ್ಟೆ ತೆರೆದು ಮಾಡಿದ 49 ಮಂದಿಯಲ್ಲಿ ಒಬ್ಬರು. ಗಾಯದ ಅಳತೆ ನೋಡಿ ಆಸ್ಪತ್ರೆ ಆರಿಸಬೇಡಿ.

ಆಪರೇಷನ್ನೊಂದೇ ಸಾಲದು ಎಂಬುದನ್ನೂ ಹೇಳಬೇಕು. ಕಾಣದ ಕೋಶಗಳು ಮೊದಲೇ ಹೊರಟುಹೋಗಿರುತ್ತವೆ, ಅದಕ್ಕೆ ಆರು ತಿಂಗಳ ಕಿಮೋ. 2018ರಲ್ಲಿ ಫ್ರಾನ್ಸ್ ಮತ್ತು ಕೆನಡಾದ ವೈದ್ಯರು, ಚೆನ್ನಾಗಿ ಚೇತರಿಸಿಕೊಂಡ ರೋಗಿಗಳಿಗೆ ಫೋಲ್ಫಿರಿನಾಕ್ಸ್ ಎಂಬ ಹಲವು ಔಷಧಗಳ ಕೂಟವನ್ನು ಕೊಟ್ಟಾಗ ಅರ್ಧದಷ್ಟು ಜನ 54 ತಿಂಗಳಿಗಿಂತ ಹೆಚ್ಚು ಬದುಕಿದ್ದನ್ನು ತೋರಿಸಿದರು. ಹಳೆಯ ಜೆಮ್‌ಸಿಟಬಿನ್ ಒಂದನ್ನೇ ಪಡೆದವರಲ್ಲಿ ಅದು 35 ತಿಂಗಳು. ಪಿತ್ತನಾಳ ಕರುಳಿಗೆ ತೆರೆದುಕೊಳ್ಳುವ ಬಾಯಲ್ಲೇ ಹುಟ್ಟುವ ಆಂಪುಲ್ಲಾ ಕ್ಯಾನ್ಸರ್ ಬೇಗ ಕಾಮಾಲೆ ತರುತ್ತದೆ, ಅದಕ್ಕೂ ಇದೇ ವಿಪಲ್, ಫಲಿತಾಂಶ ಇನ್ನೂ ಮೇಲು. ಹಾರ್ಮೋನು ಕೋಶಗಳ ನ್ಯೂರೋಎಂಡೊಕ್ರೈನ್ ಗಡ್ಡೆ ಬೇರೆಯೇ ಜಾತಿ, ನಿಧಾನಿ. ಸ್ಟೀವ್ ಜಾಬ್ಸ್‌ಗೆ ಇದ್ದದ್ದು ಅದು. 2003ರಲ್ಲಿ ಪತ್ತೆಯಾದರೂ ಪಥ್ಯ, ಸೊಪ್ಪು ಎಂದು ಒಂಬತ್ತು ತಿಂಗಳು ತಳ್ಳಿ 2004ರಲ್ಲಿ ಆಪರೇಷನ್ನಿಗೆ ಒಪ್ಪಿದರು, 2011ರಲ್ಲಿ ತೀರಿಕೊಂಡರು. ಸಿಲಿಕಾನ್ ಕಣಿವೆಯಲ್ಲೂ ಈ ವಿಳಂಬ ನಮ್ಮ ಹಳ್ಳಿಗಳದ್ದರಂತೆಯೇ ಇತ್ತು.

ಆಪರೇಷನ್ ಆಗದವರ ಪಾಲಿಗೆ ಏನೂ ಇಲ್ಲ ಎಂದಲ್ಲ. ಲೋಹದ ಸ್ಟೆಂಟ್ ಹಾಕಿದರೆ ಕಾಮಾಲೆ, ತುರಿಕೆ ಇಳಿದು ರಾತ್ರಿ ನಿದ್ದೆ ಬರುತ್ತದೆ. ಬೆನ್ನಿನ ನೋವಿಗೆ ಮಾರ್ಫಿನ್ ಮಾತ್ರೆಯಿದೆ, ನರಗಳ ಗಂಟಿಗೆ ಇಂಜೆಕ್ಷನ್ ಕೊಟ್ಟು ನೋವು ತಗ್ಗಿಸುವ ವಿಧಾನವಿದೆ. ಮಾರ್ಫಿನ್ ಚಟವಾದೀತೆಂದು ಮನೆಯವರೇ ತಡೆಯುವುದನ್ನು ಕಂಡರೆ ಸಂಕಟವಾಗುತ್ತದೆ. ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ್ ಪರ್ರಿಕರ್ 2019ರ ಜನವರಿಯಲ್ಲಿ ಮೂಗಿಗೆ ಕೊಳವೆ ಇದ್ದಂತೆಯೇ ಮಾಂಡೋವಿ ಸೇತುವೆಯ ಉದ್ಘಾಟನೆಗೆ ಬಂದದ್ದನ್ನು ಟಿ.ವಿ.ಯಲ್ಲಿ ನೋಡಿದವರಿಗೆ, ಈ ಕಾಯಿಲೆಯ ನಡುವೆಯೂ ಬಯಸಿದ ಕೆಲಸಕ್ಕೆ ದಿನಗಳನ್ನು ಒದಗಿಸಿಕೊಳ್ಳಬಹುದು ಎಂದು ತಿಳಿದಿದೆ. ಅವರು ಅದೇ ವರ್ಷದ ಮಾರ್ಚ್ 17ರಂದು ನಿಧನರಾದರು.

ಖರ್ಚಿನ ಮಾತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗಿನ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಆಪರೇಷನ್‌ಗಳೂ ಸೇರಿವೆ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಯಿದೆ. ರೇಷನ್ ಕಾರ್ಡ್, ಆಧಾರ್, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ರೆಫರಲ್ ಚೀಟಿ ಜತೆಗಿಟ್ಟುಕೊಂಡು ಹೊರಟರೆ ಒಂದು ಓಡಾಟ ಉಳಿಯುತ್ತದೆ.

ಮನೆಗೆ ಬಂದ ಮೇಲೆ ಜನ ಎಡವುವುದು ಊಟದಲ್ಲಿ. ಪ್ಯಾಂಕ್ರಿಯಾಸ್ ಅರ್ಧ ಹೋಗಿದೆ, ರಸ ಸಾಲದು. ತಿಂದ ಕೊಬ್ಬು ಜೀರ್ಣವಾಗದೆ ಭೇದಿಯಾಗುತ್ತದೆ, ಮೈಗೆ ಹತ್ತುವುದಿಲ್ಲ. ಮನೆಯವರು ತುಪ್ಪ, ಎಣ್ಣೆ, ಮೊಟ್ಟೆ ಎಲ್ಲ ನಿಲ್ಲಿಸಿ ಗಂಜಿಗೆ ಇಳಿಸುತ್ತಾರೆ. ರೋಗಿ ಇನ್ನೂ ಸೊರಗುತ್ತಾನೆ. ಕೊಬ್ಬು ಬಿಡಬೇಕಾಗಿಲ್ಲ, ಜೀರ್ಣಿಸುವ ಕಿಣ್ವದ ಕ್ಯಾಪ್ಸೂಲ್ ಬೇಕು. ಅದನ್ನು ಊಟವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ದಂಡ. ಮೊದಲ ತುತ್ತಿನ ಜತೆ ಒಂದು, ಊಟ ದೊಡ್ಡದಿದ್ದರೆ ನಡುವೆ ಇನ್ನೊಂದು. ಹಾಲು ಹಾಕಿದ ಕಾಫಿ ಜತೆ ನಾಲ್ಕು ಬಿಸ್ಕತ್ತು ತಿಂದರೂ ಲೆಕ್ಕಕ್ಕೆ ಸೇರುತ್ತದೆ. ಮೂರು ಹೊತ್ತಿನ ಊಟವನ್ನು ಆರು ಹೊತ್ತಿಗೆ ಹಂಚಬೇಕು. ಸಕ್ಕರೆ ನೋಡಿಕೊಳ್ಳಬೇಕು. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನು, ರಕ್ತಪರೀಕ್ಷೆ. ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ, ಪೆಥಾಲಜಿ ವರದಿ, ಸಿ.ಟಿ.ಯ ಸಿ.ಡಿ. ಇವನ್ನು ಒಂದೇ ಚೀಲದಲ್ಲಿಟ್ಟು, ಪ್ರತಿ ಸಲವೂ ಆ ಚೀಲವನ್ನೇ ಹಿಡಿದು ಹೋಗಬೇಕು. ಹೊಸ ವೈದ್ಯರು ಮೊದಲು ಕೇಳುವುದು ಆ ಪೆಥಾಲಜಿ ವರದಿಯನ್ನೇ.